ಮೈಲಾರಯಾತ್ರೆ

ಹರಕೆಯೊಂದನ್ನು ತೀರಿಸದೆ ಐವತ್ತೈದು ವರ್ಷ ಇಟ್ಟುಕೊಂಡಿದ್ದವನು ನಾನು. ಐದನೆಯ ವಯಸ್ಸಿನಲ್ಲಿ ನನಗೆ ವಿಷಮಜ್ವರ ಬಂದು ಬಹುದಿನ ಮೈಮೇಲೆ ಎಚ್ಚರವಿರಲಿಲ್ಲವಂತೆ. ಹುಡುಗನು ಉಳಿದರೆ ಮೈಲಾರಕ್ಕೆ ಕರೆತಂದು ಗೊರವರ ದೋಣಿ ತುಂಬಿಸುವೆನೆಂದು ನಮ್ಮ ತಾಯಿ ಮುಡಿಪು ಕಟ್ಟಿದರು. ನಾನು ಉಳಿದೆನು. ಮೊದಲು ಬಡತನದಿಂದ ತಡವಾಯಿತು; ಆಮೇಲೆ ನಾನು ಸಂಸ್ಕೃತವನ್ನೋದಿ ಉಪಾಧ್ಯಾಯನಾದೆನು, ತಡಕ್ಕೆ ಕಾರಣವೂ ಬೇರೆಯಾಯಿತು. ಕರಿಯ ಕಂಬಳಿಯುಟ್ಟು, ನಾಯಿಯಂತೆ ಬೊಗಳುತ್ತ ದೋಣಿಗೆ ಬಾಯಿಹಚ್ಚುವವರ ಮುಂದೆ ಹಾಲು ಸುರಿದು ನಿಲ್ಲುವುದು ನನ್ನ ವಿದ್ಯೆಗೆ ಕುಂದೆಂದು ತಿಳಿದಿದ್ದೆನು. ತಾಯಿ 1994ರಲ್ಲಿ ತೀರಿಕೊಂಡರು. ಮುಡಿಪಿನ ಗಂಟು ಅಕ್ಕನ ಪೆಟ್ಟಿಗೆಯನ್ನು ಸೇರಿತು. ಕಳೆದ ಮಾಘಮಾಸದಲ್ಲಿ ಅಕ್ಕನು, "ನನಗೂ ಎಪ್ಪತ್ತಾತು. ಇನ್ನ ಈ ಗಂಟು ಯಾರ ಕೈಯಾಗ ಕೊಟ್ಟು ಹೋಗ್ಲೋ ತಮ್ಮಾ?" ಎಂದಳು. ಹೊರಟೆವು.

ಮೈಲಾರವು ಹೂವಿನಹಡಗಲಿ ತಾಲ್ಲೂಕಿನಲ್ಲಿ ತುಂಗಭದ್ರೆಯ ಸಮೀಪದಲ್ಲಿರುವ ಗ್ರಾಮ. ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಸೀಮೆಯು 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. 2021ರಿಂದ ವಿಜಯನಗರ ಜಿಲ್ಲೆಯದಾಗಿದೆ.

ಮೈಲಾರಕ್ಕೆ ಮುಂಚೆ ಕುರುವತ್ತಿಯಲ್ಲಿಳಿದೆವು. ನನಗೆ ಅದನ್ನು ನೋಡುವ ಆಶೆ. ಹರಪನಹಳ್ಳಿ ತಾಲ್ಲೂಕಿನ ಈ ಊರಿನ ಮಲ್ಲಿಕಾರ್ಜುನ ದೇವಾಲಯವು ಕಲ್ಯಾಣದ ಚಾಲುಕ್ಯರ ಕಾಲದ್ದು. ಬಾಗಿಲ ಬಳಿಯ ಮದನಿಕೆಯರನ್ನು ನೋಡಿದವರು ಬೇಲೂರೊಂದನ್ನೇ ಹೊಗಳುವುದನ್ನು ಬಿಡುವರು. ಆದರೆ ನನ್ನ ಮನಸ್ಸು ಹೋದುದು ಹೊಳೆಯ ಕಡೆಗೆ. ಆಹವಮಲ್ಲನೆಂಬ ಬಿರುದಿನ ಒಂದನೆಯ ಸೋಮೇಶ್ವರನು ವಾಸಿಯಾಗದ ಜ್ವರದಿಂದ ಬಳಲಿ 1068ರಲ್ಲಿ ತುಂಗಭದ್ರೆಗಿಳಿದು ದೇಹವನ್ನು ಬಿಟ್ಟುದು ಇಲ್ಲಿಯೇ. ಬಿಲ್ಹಣನು ವಿಕ್ರಮಾಂಕದೇವಚರಿತದಲ್ಲಿ ಆ ಪ್ರಸಂಗವನ್ನು ವರ್ಣಿಸಿರುವನು. ಎಷ್ಟೋ ವರ್ಷ ಅದನ್ನು ಪಾಠ ಹೇಳಿದ್ದ ನಾನು ನೀರಿನ ದಡದಲ್ಲಿ ನಿಂತು ಅಕ್ಕನಿಗೂ ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ರಾಜಗ ಹರಕಿ ಹೊರಾಕ ಅವ್ವ ಇರ್ಲಿಲ್ಲೇನೋ?" ಎಂದು ಕೇಳಿದಳು. ವ್ಯಾಖ್ಯಾನಕಾರರಾರೂ ಈ ಪ್ರಶ್ನೆಯನ್ನೆತ್ತಿದಂತೆ ಕಾಣೆನು.

ಇನ್ನು ಮೈಲಾರನ ಕಥೆ. ಮಣಿ, ಮಲ್ಲ ಎಂಬ ದೈತ್ಯ ಸಹೋದರರು ಋಷಿಗಳನ್ನು ಪೀಡಿಸಲು, ಶಿವನು ಮಾರ್ತಾಂಡಭೈರವನಾಗಿ ಏಳು ಕೋಟಿ ಸೈನ್ಯದೊಡನೆ ಬಂದು ಅವರನ್ನು ಕೊಂದನೆಂದು ಸಂಸ್ಕೃತದ ಮಲ್ಲಾರಿಮಾಹಾತ್ಮ್ಯವು ಹೇಳುವುದು. ಗೊರವರ ಬಾಯಲ್ಲಿ ಇದೇ ಕಥೆಯು ಡೆಂಕನಮರಡಿಯಲ್ಲಿ, ಅಂದರೆ ಊರ ಹೊರಗಿನ ಆ ಮಟ್ಟಿಯಲ್ಲಿ, ನಡೆಯುವುದು. ದೇವನು ಕಂಬಳಿ ಹೊದ್ದ ಗೊರವನೇ ಆಗುವನು. ಗಂಗಿಮಾಳವ್ವನು ಅವನ ಮಡದಿ. ಮಲ್ಲಾರಿಯೆಂಬ ಶಬ್ದವೇ ಕೆಟ್ಟು ಮೈಲಾರವಾಯಿತೆಂದು ನಾನು ತರಗತಿಯಲ್ಲಿ ಬಹು ಧೈರ್ಯದಿಂದ ಹೇಳುತ್ತಿದ್ದೆನು. ಮಕಾರದ ಅಕಾರವು ಐಕಾರವಾದುದು ಹೇಗೆಂದು ವಿದ್ಯಾರ್ಥಿಯೊಬ್ಬನು ಕೇಳಿದಂದಿನಿಂದ ಧೈರ್ಯವು ಕುಗ್ಗಿತು. ಹಳ್ಳಿಗರ ದೇವನ ಹೆಸರಿಗೆ ಪಂಡಿತರೇ ಸಂಸ್ಕೃತದ ಅಂಗಿಯನ್ನು ತೊಡಿಸಿರಬಾರದೇಕೆ?

ಈ ದೇವನ ರಾಜ್ಯವು ಕನ್ನಡದಲ್ಲಿಯೇ ನಿಲ್ಲಲಿಲ್ಲ. ಮಹಾರಾಷ್ಟ್ರದ ಜೆಜೂರಿಯಲ್ಲಿ ಖಂಡೋಬನು, ತೆಲುಗರ ಐನವೋಲಿನಲ್ಲಿ ಮಲ್ಲನ್ನನು. ಎಲ್ಲೆಡೆಯೂ ಅರಿಸಿನದ ಭಂಡಾರವೇ ಪ್ರಸಾದ. ವಿನೋದವೆಂದರೆ, ಜೆಜೂರಿಯ ಮರಾಠರು 'ಯೇಳಕೋಟ' ಎಂದು ನಮ್ಮ ಏಳುಕೋಟಿಯನ್ನು ಕೂಗುವರು. ನಮ್ಮವರು ಅದರ ಮುಂದೆ 'ಚಾಂಗಭಲೋ' ಎಂದು ಅವರ ಮಾತನ್ನು ಸೇರಿಸುವರು. ಭಾಷೆಗಾಗಿ ಜಗಳವಾಡುವವರು ಒಮ್ಮೆ ಈ ಕೂಗನ್ನು ಕೇಳಬೇಕು.

ಜಾತ್ರೆಯಲ್ಲಿ ಎಲ್ಲರ ಹಣೆಯೂ ಹಳದಿ, ನೆಲವೂ ಹಳದಿ. ದೇವರ ದರ್ಶನಕ್ಕೆ ಸಾಲು ಬಹಳ ಉದ್ದವಿದ್ದಿತು. ಅದನ್ನು ವರ್ಣಿಸಿ ವಾಚಕರನ್ನೂ ನಿಲ್ಲಿಸಲಾರೆನು. ದೋಣಿಯ ಮಾತಿಗೆ ಬರುವೆನು. ಕರಡಿಯ ಕೂದಲಿನ ಟೊಪ್ಪಿಗೆ, ಕೈಯಲ್ಲಿ ಡಮರು, ಕೊರಳಲ್ಲಿ ಕವಡೆಯ ಸರ — ಹೀಗೆ ಮುದುಕ ಗೊರವರು ನಾಲ್ವರು ಕಂಬಳಿ ಹಾಸಿ ತಮ್ಮ ಮರದ ದೋಣಿಗಳನ್ನಿಟ್ಟರು. ಅಕ್ಕನು ಅನ್ನ, ಬೆಲ್ಲ, ಬಾಳೆಯಹಣ್ಣು, ತುಪ್ಪಗಳನ್ನು ಹಾಕಿ, ಹಾಲಿನ ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು. ಹರಕೆಯು ನನ್ನದಷ್ಟೆ.

"ಬಹಳ ತಡವಾಯಿತು" ಎಂದೆನು. ಯಾರಿಗೆ ಹೇಳಿದೆನೋ ತಿಳಿಯದು.

ಹಿರಿಯ ಗೊರವನು ತಲೆಯೆತ್ತಿ, "ಹಾಕ್ರಿ ಮಾಸ್ತರ, ಮೈಲಾರಪ್ಪ ಬಡ್ಡಿ ಕೇಳಾಂಗಿಲ್ಲ" ಎಂದನು. ಸುರಿದೆನು. ಅವರು ಬೊಗಳುತ್ತ, ಒಬ್ಬರನ್ನೊಬ್ಬರು ಗುರುಗುಟ್ಟುತ್ತ ದೋಣಿಗೆ ಬಾಯಿಟ್ಟರು. ನಾಚಿಕೆಯಾಗುವುದೆಂದು ಹೆದರಿದ್ದೆನು, ಕಣ್ಣಿಗೆ ನೀರು ಬಂದಿತು. ತಾಯಿಯ ಎದುರಿನಲ್ಲಿ ಇದೇ ತಂಬಿಗೆಯನ್ನು ಬಗ್ಗಿಸಲು ಎಷ್ಟು ಖರ್ಚಾಗುತ್ತಿತ್ತು? ಹೆಚ್ಚೆಂದರೆ ಒಂದು ದಿನದ ರಜೆ.

ಭಾರತ ಹುಣ್ಣಿಮೆ ಕಳೆದು ಎರಡನೆಯ ದಿನದ ಸಂಜೆ ಡೆಂಕನಮರಡಿಯಲ್ಲಿ ಕಾರಣಿಕ. ಉಪವಾಸವ್ರತದಲ್ಲಿದ್ದ ಕಾರಣಿಕದ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ಆಕಾಶವನ್ನು ನೋಡುವನು. "ಸದ್ದಲೇ" ಎಂದು ಅವನು ಕೂಗಿದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುವರು. ದನದ ಕೊರಳ ಗಂಟೆಯೂ ಕೇಳಿಸುವಷ್ಟು ನಿಶ್ಶಬ್ದ. ಒಂದೇ ಒಂದು ಚಿಕ್ಕ ಮಾತನ್ನಾಡಿ ಅವನು ಕೆಳಕ್ಕುರುಳುವನು. ಕೆಳಗೆ ನಿಂತವರು ಹಿಡಿದುಕೊಳ್ಳುವರು. ಆ ಮಾತಿನಲ್ಲಿ ರೈತರು ಮಳೆಬೆಳೆಯನ್ನು ಹುಡುಕುವರು, ರಾಜಕಾರಣಿಗಳು ತಮ್ಮ ಕುರ್ಚಿಯನ್ನು. ದೇವಾಲಯದ ಮೇಲೆ ಹೆಲಿಕಾಪ್ಟರ್ ಹಾರಿಸಿದ್ದರಿಂದ ಕೇಡಾಯಿತೆಂದು ರಾಜಕಾರಣಿಯೊಬ್ಬರು 2021ರಲ್ಲಿ ಬೆಳ್ಳಿಯ ಹೆಲಿಕಾಪ್ಟರನ್ನೇ ಒಪ್ಪಿಸಿದರು! ನನ್ನ ಪಕ್ಕದಲ್ಲಿದ್ದ ರೈತನ ಕಣ್ಣುಗಳು ಮಾತ್ರ ಬಿಲ್ಲಿನಿಂದ ಅಲುಗಲಿಲ್ಲ. ಎರಡು ವರ್ಷ ಬಿತ್ತಿದ ಜೋಳ ಕೈಗೆ ಬಂದಿರಲಿಲ್ಲವಂತೆ. ಅವನನ್ನು ಮೂಢನೆನ್ನಲು ನನಗೆ ಬಾಯಿ ಬರಲಿಲ್ಲ.

ರಾತ್ರಿಯ ಬಸ್ಸಿನಲ್ಲಿ ನಿಲ್ಲಲು ಕೂಡ ಸ್ಥಳವಿಲ್ಲ. ಕಾರಣಿಕದ ನಡುವಣ ಶಬ್ದವು ಹ್ರಸ್ವವೋ ದೀರ್ಘವೋ ಎಂದು ಇಬ್ಬರು ರೈತರಿಗೆ ವಾದ ಹತ್ತಿತು. ಹ್ರಸ್ವವಾದರೆ ಮಳೆಯಂತೆ, ದೀರ್ಘವಾದರೆ ಇಲ್ಲವಂತೆ. "ನೀವು ಓದಿದವರು, ನೀವ ಹೇಳ್ರಿ" ಎಂದು ನನ್ನನ್ನು ಹಿಡಿದರು. ನಲವತ್ತು ವರ್ಷ ಹ್ರಸ್ವದೀರ್ಘಗಳನ್ನೇ ತಿದ್ದಿದವನಾದರೂ ನನಗೆ ನೆಟ್ಟಗೆ ಕೇಳಿಸಿರಲಿಲ್ಲ, ಹಾಗೆಯೇ ಹೇಳಿದೆನು. ಅಕ್ಕನು ಬರಿದಾದ ಮುಡಿಪಿನ ಬಟ್ಟೆಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದು, ನನ್ನ ಹೆಗಲಿಗೆ ತಲೆಯಾನಿಸಿ ನಿದ್ದೆಹೋಗಿದ್ದಳು.