ಅಡುಗೆಮನೆಗೆ ಮುಟ್ಟದ ವೈಫೈ

ಹಾಸ್ಟೆಲ್‌ನಲ್ಲಿ ನಮ್ಮ ಐದು ಜನಕ್ಕೆ ಸ್ವಂತ ಹೆಸರೇ ಇಲ್ಲ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಅಂತ ಊರಿನ ಹೆಸರಲ್ಲೇ ಕರೀತಾರೆ. ಕೊನೆಯವನ ಊರು ಕೂಗೋಕೆ ಉದ್ದ ಆಗುತ್ತೆ ಅಂತ ಅವನು ‘ಎಚ್‌ಬಿ’ ಆಗಿದ್ದಾನೆ. ಐದೂ ಈಗ ವಿಜಯನಗರ ಜಿಲ್ಲೆಯ ತಾಲೂಕುಗಳು. ಹರಪನಹಳ್ಳಿಯವನು ಮಾತ್ರ ಹುಟ್ಟಿದ್ದು ದಾವಣಗೆರೆ ಜಿಲ್ಲೆಯಲ್ಲಿ, ಹೈಸ್ಕೂಲು ಓದಿದ್ದು ಬಳ್ಳಾರಿ ಜಿಲ್ಲೆಯಲ್ಲಿ, ಈಗ ಇರೋದು ವಿಜಯನಗರ ಜಿಲ್ಲೆಯಲ್ಲಿ. ಅವನ ಮನೆ ಒಂದಿಂಚೂ ಅಲುಗಿಲ್ಲ.

ಜನವರಿಯ ಒಂದು ಸಂಜೆ ಕೊಟ್ಟೂರಿನವನಿಗೆ ಮನೆಯಿಂದ ಫೋನ್ ಬಂತು. ಅವನ ಅಕ್ಕನ ಆನ್‌ಲೈನ್ ಇಂಟರ್‌ವ್ಯೂ ಅರ್ಧಕ್ಕೆ ನಿಂತಿತ್ತು. ಡಿಗ್ರಿ ಮುಗಿದು ಎರಡು ವರ್ಷ ಆಗಿತ್ತು, ಊರು ಬಿಡದೆ ಮನೆಯಿಂದಲೇ ಮಾಡೋ ಕೆಲಸ ಅಂತ ಹುಡುಕಿ ಹುಡುಕಿ ಸಿಕ್ಕ ಮೊದಲ ಕರೆ ಅದು. ಅವರು ಕೇಳಿದ ಪ್ರಶ್ನೆ ಅಕ್ಕನಿಗೆ ಅರ್ಧ ಕೇಳಿಸಿದೆ, ಅಕ್ಕ ಕೊಟ್ಟ ಉತ್ತರ ಅವರಿಗೆ ಅಷ್ಟೂ ಕೇಳಿಸಿಲ್ಲ. ಕೊನೆಗೆ ಅವರ ಪರದೆ ಮೇಲೆ ಅಕ್ಕನ ಮುಖ ಬಾಯಿ ತೆರೆದಂಗೇ ನಿಂತುಬಿಟ್ಟಿದೆ. ಅವರು ಒಳ್ಳೆಯವರು, ಮುಂದಿನ ತಿಂಗಳು ಇನ್ನೊಂದು ದಿನ ಕೊಟ್ಟರು. ಫೋನಲ್ಲಿ ಅಪ್ಪ ಹೇಳಿದ ಮಾತು ಸ್ಪೀಕರಲ್ಲಿ ನಮಗೆಲ್ಲ ಕೇಳಿಸಿತು: “ಐದು ಜನ ಇಂಜಿನಿಯರು ಅದೀರಿ. ಮನ್ಯಾಗಿನ ಒಂದ್ ವೈಫೈ ಸರಿ ಮಾಡಾಕ ಬರಂಗಿಲ್ಲೇನು ನಿಮಗ?”

ನಾವು ಇಂಜಿನಿಯರುಗಳು ಮಾಡೋದನ್ನೇ ಮಾಡಿದೆವು. ನೋಡದೇ ಸಲಹೆ ಕೊಟ್ಟೆವು. “40ರ ಪ್ಲಾನ್ ತಗಸ್ರಿ ಅಪ್ಪಾರ, 100 ಎಂಬಿಪಿಎಸ್‌ದು ಹಾಕಸ್ರಿ.” ತಿಂಗಳಿಗೆ ಮುನ್ನೂರು ರೂಪಾಯಿ ಜಾಸ್ತಿ. ಕಿರಾಣಿ ಅಂಗಡಿ ನಡೆಸೋ ಮನೆಯಲ್ಲಿ ಮುನ್ನೂರು ಅಂದ್ರೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು. ವಾರ ಬಿಟ್ಟು ಅಪ್ಪ ಅಂದ್ರು, “ಏನೂ ಫರಕ್ ಇಲ್ಲಪಾ.”

ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರನ ತೇರು. ಐದೂ ಜನ ಹೋದೆವು, ಜಾತ್ರೆಗೆ ಅಂತ ಅರ್ಧ, ಆ ಮಾತು ಚುಚ್ಚಿದ್ದಕ್ಕೆ ಅರ್ಧ. ತೇರಿನ ಹೊತ್ತಿಗೆ ಕೊಟ್ಟೂರು ಹೇಗಿರುತ್ತೆ ಅಂತ ನೋಡಿದವರಿಗೆ ಗೊತ್ತು. ದಾವಣಗೆರೆ ಕಡೆಯಿಂದ, ಎಲ್ಲೆಲ್ಲಿಂದಲೋ ಜನ ನಡಕೊಂಡೇ ಬರ್ತಾರೆ. ಮನೆ ತುಂಬ ನೆಂಟರು. ಹಿಂದೆ ಒಳಗೆ ಕಾಲಿಟ್ಟವರು ನೀರು ಕೇಳ್ತಿದ್ರಂತೆ, ಈಗ ಪಾಸ್‌ವರ್ಡ್ ಕೇಳ್ತಾರೆ. ಟಿವಿ, ಅಕ್ಕನ ಲ್ಯಾಪ್‌ಟಾಪ್, ನಮ್ಮ ಲ್ಯಾಪ್‌ಟಾಪು, ಎಲ್ಲರ ಫೋನು ಸೇರಿ ಮೊದಲ ರಾತ್ರಿ ಎಣಿಸಿದಾಗ 17 ಸಾಧನಗಳು ಒಂದೇ ಡಬ್ಬಿಗೆ ಜೋತು ಬಿದ್ದಿದ್ವು.

ಮೊದಲೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆವು, ಅಳತೆ. ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಚುಚ್ಚಿ ನೇರವಾಗಿ ಡಬ್ಬಿಯಿಂದಲೇ ನೋಡಿದರೆ 94. ಅಂದರೆ ಲೈನು ಚೆನ್ನಾಗೇ ಇದೆ. ಕೇಬಲ್ ತೆಗೆದು ವೈಫೈನಲ್ಲಿ ಪಡಸಾಲೆಯಲ್ಲಿ 60, ನಡುಮನೆಯಲ್ಲಿ 14, ಒಳಗಿನ ಅಕ್ಕನ ಕೋಣೆಯಲ್ಲಿ 4, ಒಮ್ಮೊಮ್ಮೆ 2. ಅಡುಗೆಮನೆಯಲ್ಲಿ ಟೆಸ್ಟು ಮುಗಿಯಲೇ ಇಲ್ಲ. ಒಂದು ವಿಡಿಯೊ ಕಾಲ್‌ಗೆ ಮೂರು ನಾಲ್ಕು ಎಂಬಿಪಿಎಸ್ ಇದ್ದರೆ ಸಾಕು. ಹಳೇ 40ರ ಪ್ಲಾನೇ ಬೇಕಾದಷ್ಟಿತ್ತು. ನಾವು ಅಪ್ಪನಿಂದ ಮುನ್ನೂರು ರೂಪಾಯಿ ಕೊಡಿಸಿ ಹೆಚ್ಚಿಸಿದ್ದು ಪಡಸಾಲೆಯ ಸೋಫಾದ ಸ್ಪೀಡನ್ನು ಮಾತ್ರ.

ಹಳೇ ಮಾಳಿಗೆ ಮನೆ. ಗೋಡೆ ಕಲ್ಲು ಮಣ್ಣಿನದು, ಕೈ ಚಾಚಿದರೂ ಆ ಕಡೆ ಅಂಚು ಸಿಗಲ್ಲ, ಅಷ್ಟು ದಪ್ಪ. ಬೇಸಿಗೆಯಲ್ಲಿ ತಂಪು, ರೇಡಿಯೊ ಅಲೆಗೆ ಜೈಲು. ಲೈನ್ ಎಳೆಯೋಕೆ ಬಂದವರು ವೈರು ಉಳಿಸೋಕೆ ಬಾಗಿಲ ಪಕ್ಕದಲ್ಲೇ, ಟಿವಿ ಹಿಂದೆ, ಕಬ್ಬಿಣದ ಅಲ್ಮೇರಾಕ್ಕೆ ತಾಗಿಸಿ ಡಬ್ಬಿ ಇಟ್ಟು ಹೋಗಿದ್ದರು. 5 ಗಿಗಾಹರ್ಟ್ಸ್ ಆ ಗೋಡೆಗಳ ಮುಂದೆ ನಿಂತೇ ಹೋಗ್ತದೆ. 2.4 ಹೇಗೋ ನುಸುಳಿ, ಸೋತು ಸುಣ್ಣವಾಗಿ ಒಳಗೆ ಮುಟ್ಟುತ್ತದೆ.

ಇಷ್ಟು ಗೊತ್ತಾದ ಮೇಲೆ ಡಬ್ಬಿ ಸರಿಸಬೇಕಿತ್ತು. ರಾತ್ರಿ ಹನ್ನೊಂದಾಗಿತ್ತು, ನೆಂಟರು ಮಲಗಿದ್ದರು, ಕೇಬಲ್ ಇರಲಿಲ್ಲ. ಹಾಗಾಗಿ ಕೂತಲ್ಲೇ ಆಗೋ ಕೆಲಸಕ್ಕೆ ಕೈ ಹಾಕಿದೆವು. 192.168.1.1 ಹೊಡೆದು, ಡಬ್ಬಿಯ ತಳದ ಸ್ಟಿಕ್ಕರಿನಲ್ಲಿದ್ದ ಪಾಸ್‌ವರ್ಡ್ ಹಾಕಿ ಒಳಗೆ ಹೋದೆವು. ಯಾವ ಸಾಧನ ಎಷ್ಟು ವೇಗದಲ್ಲಿ ಜೋಡಿಸಿಕೊಂಡಿದೆ ಅಂತ ಪಟ್ಟಿ ಇತ್ತು. ನಮ್ಮ ಲ್ಯಾಪ್‌ಟಾಪು 390. ಎಲ್ಲಕ್ಕಿಂತ ಕೆಳಗೆ ಅವ್ವನ ಹಳೇ ಫೋನು, ಬರೀ 6.

ಹಡಗಲಿಯವನಿಗೆ ನೆಟ್‌ವರ್ಕ್ಸ್ ಪೇಪರಲ್ಲಿ ಓದಿದ್ದು ನೆನಪಿಗೆ ಬಂತು. 2003ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು ತೋರಿಸಿದ ವಿಷಯ ಅದು. ವೈಫೈನಲ್ಲಿ ಎಲ್ಲರಿಗೂ ಸಮನಾಗಿ ಸಿಗೋದು ಮಾತಾಡುವ ಸರದಿ, ಮಾತಾಡುವ ಸಮಯ ಅಲ್ಲ. ಒಬ್ಬ ದೂರದಲ್ಲಿ ಕೂತು ನಿಧಾನಕ್ಕೆ ಮಾತಾಡಿದರೆ ಅವನ ಒಂದು ಮಾತು ಮುಗಿಯೋವರೆಗೂ ವೇಗದವರೆಲ್ಲ ಕಾಯಬೇಕು. 11ರ ವೇಗದವರ ನಡುವೆ 1ರ ವೇಗದ ಒಬ್ಬ ಬಂದರೆ ಎಲ್ಲರಿಗೂ ಸಿಗೋದು ಹತ್ತಿರ ಹತ್ತಿರ ಅವನಷ್ಟೇ. ಕಳ್ಳ ಸಿಕ್ಕಿಬಿದ್ದ ಅಂದುಕೊಂಡೆವು. ಅವ್ವನ ಫೋನಿಗೆ ಅರ್ಧ ಎಂಬಿಪಿಎಸ್ ಮಿತಿ ಹಾಕಿದೆವು. ಆದ್ಯತೆಯ ಪಟ್ಟಿಯಲ್ಲಿ ಅಕ್ಕನ ಲ್ಯಾಪ್‌ಟಾಪ್ ಮೊದಲು, ಆಮೇಲೆ ನಮ್ಮವು ಐದು, ಆಮೇಲೆ ಟಿವಿ, ನೆಂಟರು, ಕೊನೇಗೆ ಅವ್ವ. ಟೆಸ್ಟ್ ಮಾಡಿದರೆ ಅಕ್ಕನ ಕೋಣೆಯಲ್ಲಿ 4 ಇದ್ದದ್ದು 9 ಆಯ್ತು. ಕೈಗೆ ಕೈ ಹೊಡೆದುಕೊಂಡು ಮಲಗಿದೆವು.

ಮರುದಿನ ತೇರು ಎಳೆದು ಬಂದು, ಮಂಡಕ್ಕಿ ಮಿರ್ಚಿ ತಿಂತಾ ಹಿತ್ತಲಲ್ಲಿ ಕೂತಿದ್ದೆವು. ಸಂಜೆ ಏಳಕ್ಕೆ ಅವ್ವ ದಿನಾ ಹಡಗಲಿ ಕಡೆಯ ತವರಿಗೆ ವಿಡಿಯೊ ಕಾಲ್ ಮಾಡ್ತಾಳೆ. ಅಲ್ಲಿ ಅಜ್ಜಿ ಹಾಸಿಗೆ ಹಿಡಿದು ಎಂಟು ತಿಂಗಳು. ಇಪ್ಪತ್ತು ಜನಕ್ಕೆ ರೊಟ್ಟಿ ಬಡಿಯುವಾಗ ಫೋನನ್ನು ಉಪ್ಪಿನ ಡಬ್ಬಿಗೆ ಆನಿಸಿ ಇಟ್ಟುಕೊಂಡು ಮಾತಾಡೋದು, ಅದೇ ಅವಳಿಗೆ ಸಿಗೋ ಬಿಡುವು. ಅವತ್ತು ಫೋನ್ ಹಿಡಿದು ಹಿತ್ತಲಿಗೇ ಬಂದಳು.

“ತಮ್ಮಾ, ಈ ಫೋನ್ ಹಾಳಾಗೇತಿ ಕಾಣತೈತಿ. ಮೊದಲರ ಸ್ವಲ್ಪ ನಿಂತು ನಿಂತು ಬರ್ತಿತ್ತು. ಇವತ್ತ ಅವ್ವನ ಮುಖ ಕಲ್ಲಾದಂಗ ನಿಂತ ಬಿಡ್ತು. ಹಳೇದಾತು ಬಿಡು. ಜಾತ್ರಿ ಮುಗದ ಮ್ಯಾಲೆ ಅಂಗಡ್ಯಾಗ ತೋರಸ್ತೀನಿ.”

ನಮ್ಮಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಕೊಟ್ಟೂರಿನವನು ‘ಕೊಡಬೇ ನೋಡ್ತೀನಿ’ ಅಂತ ಫೋನ್ ಇಸಕೊಂಡು, ಅದರಲ್ಲಿ ಏನೋ ಒತ್ತಿದಂಗೆ ಮಾಡಿ, ಇನ್ನೊಂದು ಕೈಯಲ್ಲಿ ತನ್ನ ಫೋನಿಂದ ರೂಟರಿಗೆ ಹೋಗಿ ಮಿತಿ ತೆಗೆದ. ಅವಳಿಗೆ ಇವತ್ತಿಗೂ ಹೇಳಿಲ್ಲ. ಈ ಪತ್ರಿಕೆ ಅವಳ ಕೈಗೆ ಸಿಗೋದಿಲ್ಲ ಅನ್ನೋ ಧೈರ್ಯದ ಮೇಲೆ ಇಲ್ಲಿ ಬರೀತಿದ್ದೇವೆ.

ಲೆಕ್ಕದಲ್ಲಿ ನಾವು ತಪ್ಪಿರಲಿಲ್ಲ, ಅದೇ ಬೇಜಾರು. ಆ ಫೋನ್ ಎಲ್ಲರನ್ನೂ ನಿಧಾನ ಮಾಡ್ತಿತ್ತು, ನಿಜ. ಆದರೆ ನಿಧಾನ ಇದ್ದದ್ದು ಫೋನಲ್ಲ, ಅದು ಇರುವ ಜಾಗ. ಅದೇ ಫೋನನ್ನು ಪಡಸಾಲೆಗೆ ತಂದರೆ 65ಕ್ಕೆ ಜೋಡಿಸಿಕೊಳ್ತಿತ್ತು. ಮನೆಯಲ್ಲಿ ಡಬ್ಬಿಗೆ ಎಲ್ಲಕ್ಕಿಂತ ದೂರ ಅಡುಗೆಮನೆ, ದಿನದ ಹದಿನಾಲ್ಕು ತಾಸು ಅಲ್ಲಿರೋಳು ಅವ್ವ. ಮೊದಲೇ ಕೊನೆಯಲ್ಲಿದ್ದವಳನ್ನು ನಾವು ಸೆಟಿಂಗ್ಸಿನಲ್ಲೂ ಕೊನೆಗೆ ತಳ್ಳಿದ್ದೆವು.

ಬೆಳಿಗ್ಗೆ ಬಜಾರಿಗೆ ಹೋಗಿ 20 ಮೀಟರ್ ಕ್ಯಾಟ್ 6 ಕೇಬಲ್ ತಂದೆವು. ಫೈಬರನ್ನು ಮುಟ್ಟಲಿಲ್ಲ. ಅದನ್ನು ಜಾಸ್ತಿ ಬಗ್ಗಿಸಿದರೆ ಒಳಗಿನ ಗಾಜಿನ ಎಳೆ ಬೆಳಕನ್ನು ಸೋರಿಸುತ್ತೆ, ಇಲ್ಲಾಂದ್ರೆ ಮುರಿಯುತ್ತೆ, ಆಮೇಲೆ ಜಾತ್ರೆಯಲ್ಲಿ ಕೂಡಿಸುವವರನ್ನು ಎಲ್ಲಿ ಹುಡುಕೋದು. ಡಬ್ಬಿ ಪಡಸಾಲೆಯಲ್ಲೇ ಇರಲಿ ಅಂತ ಬಿಟ್ಟು, ಅದರ ವೈಫೈ ಆರಿಸಿ, ಕೇಬಲನ್ನು ಮಾಳಿಗೆಯ ಜಂತಿ ಗುಂಟ ಎಳೆದು ನಡುಮನೆಯ ಕಂಬಕ್ಕೆ ಇನ್ನೊಂದು ರೂಟರ್ ಕಟ್ಟಿದೆವು. ಅದು ನಮ್ಮ ಹಾಸ್ಟೆಲ್ ರೂಮಿನಲ್ಲಿ ಧೂಳು ತಿಂತಿದ್ದ ಹಳೇ ರೂಟರ್. ನಡುಮನೆಯಿಂದ ಅಕ್ಕನ ಕೋಣೆಗೂ ಅಡುಗೆಮನೆಗೂ ಬಾಗಿಲು ಇದೆ, ಗೋಡೆಯ ಬದಲು ಬಾಗಿಲಲ್ಲಿ ಅಲೆ ಹೋಗಲಿ ಅಂತ ಲೆಕ್ಕ. ಅಕ್ಕನ ಕೋಣೆ 38 ಆಯ್ತು, ಅಡುಗೆಮನೆ 21. ಅವ್ವನ ಫೋನ್ ಇನ್ನು ಯಾರನ್ನೂ ಕಾಯಿಸ್ತಿರಲಿಲ್ಲ.

ಮುಗೀತು ಅಂದುಕೊಂಡೆವು. ರಾತ್ರಿ ಅಕ್ಕನ ಜೊತೆ ನಕಲಿ ಇಂಟರ್‌ವ್ಯೂ ಇಟ್ಟುಕೊಂಡರೆ ಮತ್ತೆ ಅದೇ ತೊದಲು. ಸ್ಪೀಡ್ 38, ಮಾತು ಮಾತ್ರ ತುಂಡು ತುಂಡು. ಎಚ್‌ಬಿ ಪಿಂಗ್ ಹಾಕಿ ನೋಡಿದ. ಮಧ್ಯಾಹ್ನ 30 ಮಿಲಿಸೆಕೆಂಡ್ ಇದ್ದದ್ದು ಈಗ 1100. ಮನೆ ತುಂಬ ನೆಂಟರು ತೇರಿನ ವಿಡಿಯೊ ತೆಗೆದಿದ್ದರು, 2017ರಲ್ಲಿ ತೇರು ಉರುಳಿದ ಮೇಲೆ ಅಂತೂ ಗಾಲಿ ಅಲುಗಿದ ಕ್ಷಣದಿಂದ ನಿಲ್ಲೋವರೆಗೂ ಯಾರೂ ಕ್ಯಾಮೆರಾ ಇಳಿಸಲ್ಲ. ರಾತ್ರಿ ಫೋನುಗಳನ್ನೆಲ್ಲ ಚಾರ್ಜಿಗೆ ಹಾಕಿದ ಕೂಡಲೇ ಅಷ್ಟೂ ವಿಡಿಯೊ ತಾನಾಗೇ ಬ್ಯಾಕಪ್ ಆಗ್ತಿತ್ತು. ಕೆಳಗಿಳಿಸೋ ವೇಗ 94 ಇದ್ದರೂ ಮೇಲೆ ಕಳಿಸೋ ವೇಗ ಇದ್ದದ್ದು 20 ಮಾತ್ರ.

ಇದು ಹೊಸ ರೋಗ ಅಲ್ಲ. ಎಚ್‌ಟಿಟಿಪಿ 1.1ರ ರೂಪುರೇಷೆ ಬರೆದವರಲ್ಲಿ ಒಬ್ಬರಾದ ಜಿಮ್ ಗೆಟ್ಟಿಸ್ 2010ರಲ್ಲಿ ತಮ್ಮ ಮನೆಯಿಂದ ದೊಡ್ಡ ಫೈಲುಗಳನ್ನು ಕಳಿಸುವಾಗ ಇದನ್ನೇ ಕಂಡರು, ‘ಬಫರ್‌ಬ್ಲೋಟ್’ ಅಂತ ಹೆಸರಿಟ್ಟರು. ಡಬ್ಬಿಯೊಳಗೆ ಕಳಿಸಬೇಕಾದ ಪ್ಯಾಕೆಟ್ಟುಗಳ ಸಾಲು ಇರುತ್ತೆ. ಕಂಪನಿಗಳು ಒಂದೂ ಪ್ಯಾಕೆಟ್ ಬೀಳಬಾರದು ಅಂತ ಆ ಸಾಲನ್ನು ಉದ್ದಕ್ಕೆ ಬೆಳೆಸಿದವು. ಜಾತ್ರೆಯ ದಾಸೋಹದ ಸಾಲಲ್ಲಿ ಮುಂದಿನವನು ಇಪ್ಪತ್ತು ಜನರ ತಟ್ಟೆ ಹಿಡಿದು ನಿಂತರೆ ಹಿಂದೆ ಒಂದೇ ಒಂದು ಲೋಟ ಹಿಡಿದ ಹುಡುಗಿಯ ಕಥೆ ಏನು? ಅಕ್ಕನ ದನಿಯ ಸಣ್ಣ ಪ್ಯಾಕೆಟ್ಟು ಆ ಲೋಟ. ಮಾತು ಸಹಜ ಅನ್ನಿಸಬೇಕಾದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡ್ ಒಳಗೆ ಮುಟ್ಟಬೇಕು ಅಂತಾರೆ. ಇಲ್ಲಿ ಒಂದು ಸೆಕೆಂಡ್ ದಾಟಿತ್ತು. ಜನವರಿಯ ಇಂಟರ್‌ವ್ಯೂ ಕೂಡ ನಡೆದದ್ದು ರಾತ್ರಿ ಎಂಟಕ್ಕೆ, ಅಂಗಡಿ ಮುಚ್ಚಿ ಬಂದ ಅಪ್ಪ ಫೋನ್ ಚಾರ್ಜಿಗೆ ಹಾಕೋ ಹೊತ್ತಿಗೆ.

ಆ ಹಳೇ ರೂಟರಿಗೆ ರಾತ್ರಿ ಓಪನ್‌ಡಬ್ಲ್ಯೂಆರ್‌ಟಿ ಹಾಕಿದೆವು. ತಪ್ಪಿದ್ದರೆ ರೂಟರ್ ಇಟ್ಟಿಗೆಯಾಗ್ತಿತ್ತು, ನಡುವೆ ಕರೆಂಟ್ ಹೋದರೆ ಏನು ಅಂತ ಉಸಿರು ಹಿಡಿದು ಕೂತಿದ್ದೆವು. ಹೋಗಲಿಲ್ಲ. ಅದರಲ್ಲಿ ಎಸ್‌ಕ್ಯೂಎಂ ಹಾಕಿ ಮೇಲೆ ಕಳಿಸೋ ವೇಗವನ್ನು ಬೇಕಂತಲೇ 18ಕ್ಕೆ ಇಳಿಸಿದೆವು. ಲೈನಿನ ವೇಗಕ್ಕಿಂತ ಸ್ವಲ್ಪ ಕಡಿಮೆ ಇಟ್ಟರೆ ಸಾಲು ಕಂಪನಿ ಡಬ್ಬಿಯಲ್ಲಿ ಬೆಳೆಯೋದಿಲ್ಲ, ನಮ್ಮ ರೂಟರಿನಲ್ಲೇ ನಿಲ್ಲುತ್ತೆ, ಅಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲು ಮಾಡಿ ಸರದಿಯಂತೆ ಬಿಡಬಹುದು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಪ್ರಕಟಿಸಿದ ಕೋಡೆಲ್ ಅನ್ನೋ ಉಪಾಯ ಇದರ ಬುನಾದಿ. ಕೆಳಗಿಳಿಸೋ ಕಡೆ ಮುಟ್ಟಲಿಲ್ಲ, ಆ ಹಳೇ ಪ್ರೊಸೆಸರಿಗೆ ಅಷ್ಟು ದಮ್ಮಿಲ್ಲ. ಬ್ಯಾಕಪ್ ನಡೀತಿರುವಾಗಲೇ ಪಿಂಗ್ ನೋಡಿದೆವು. 41, 38, 44. ಆದ್ಯತೆಯ ಪಟ್ಟಿಯನ್ನು ಮತ್ತೆ ಬರೆಯಲಿಲ್ಲ. ಅಕ್ಕನ ಹೆಸರನ್ನೂ ಮೇಲೆ ಹಾಕಲಿಲ್ಲ, ಬೇಕಾಗಲಿಲ್ಲ.

ಇಂಟರ್‌ವ್ಯೂಗೆ ಇನ್ನೂ ಮೂರು ದಿನ ಇತ್ತು. ಉಳಿದ ನಾಲ್ಕು ಊರಿಗೂ ಒಂದು ಸುತ್ತು ಹಾಕಿದೆವು. ಒಂದೇ ಔಷಧಿ ಎಲ್ಲೂ ನಡೀಲಿಲ್ಲ. ಹರಪನಹಳ್ಳಿಯ ಮನೆ ಪೇಟೆ ಬೀದಿಯಲ್ಲಿದೆ, ಹೊಸ ಆರ್‌ಸಿಸಿ. ಅಲ್ಲಿ 20ಕ್ಕೂ ಜಾಸ್ತಿ ವೈಫೈ ಹೆಸರು ಕಾಣ್ತಿದ್ವು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ, ಅಕ್ಕಪಕ್ಕದವರ ಬಹಳಷ್ಟು ರೂಟರುಗಳು 6ರಲ್ಲೇ ಕೂತಿದ್ವು. 11ಕ್ಕೆ ಸರಿಸಿದ್ದು ಎರಡು ನಿಮಿಷದ ಕೆಲಸ. ಕೂಡ್ಲಿಗಿಯಲ್ಲಿ ರಿಪೀಟರ್ ತಂದು ಸಿಗ್ನಲ್ಲೇ ಇಲ್ಲದ ಮೂಲೆಗೆ ಚುಚ್ಚಿದ್ದರು. ಕೇಳಿಸದವನು ಏನಂತ ತಿರುಗಿ ಹೇಳ್ತಾನೆ? ಅರ್ಧ ದಾರಿಗೆ ತಂದೆವು. ಹಡಗಲಿ ಮನೆಯಲ್ಲಿ ವೈಫೈ ಸರಿಯಾಗೇ ಇತ್ತು, ಕರೆಂಟ್ ಇರಲಿಲ್ಲ. 12 ವೋಲ್ಟಿನ ಸಣ್ಣ ಯುಪಿಎಸ್ ಒಂದು ತರಿಸಿ ಕೊಟ್ಟೆವು. ಎಚ್‌ಬಿ ಮನೆಯಲ್ಲಿ ತಿಂಗಳ ಡೇಟಾ ಮಿತಿ ಮುಗಿದು ವೇಗ ಇಳಿದಿತ್ತು. ಅದಕ್ಕೆ ನಾವು ಏನೂ ಮಾಡೋಕಾಗಲಿಲ್ಲ, ಊಟ ಮಾಡಿ ಬಂದೆವು.

ಇಂಟರ್‌ವ್ಯೂ ದಿನ ರಾತ್ರಿ ಎಂಟಕ್ಕೆ ನಾವೆಲ್ಲ ನಡುಮನೆಯಲ್ಲಿ ಕಂಬದ ಕೆಳಗೆ, ಪಿಂಗ್ ಓಡಿಸಿಕೊಂಡು ಉಸಿರು ಬಿಡದೆ ಕೂತಿದ್ದೆವು. ಯಾರ ಫೋನನ್ನೂ ಆಫ್ ಮಾಡಿಸಿರಲಿಲ್ಲ. ಅಪ್ಪ ಬಂದು ಕೇಳಿದರು, “ನಂದು ಬಂದ್ ಮಾಡ್ಲೇನು?” ಬ್ಯಾಡ ಅಂದೆವು. ನಲವತ್ತು ನಿಮಿಷ ಅಕ್ಕ ಮಾತಾಡಿದಳು, ಒಮ್ಮೆಯೂ ‘ಕೇಳಿಸ್ತಿದೆಯಾ’ ಅನ್ನಲಿಲ್ಲ. ಕೆಲಸ ಸಿಗಲಿಲ್ಲ. ಎಸ್‌ಕ್ಯೂಎಲ್‌ನಲ್ಲಿ ಎರಡು ಪ್ರಶ್ನೆ ತಪ್ಪಿದವಂತೆ. “ಈ ಸಲ ನಂದೇ ತಪ್ಪು, ನೆಟ್ ಮ್ಯಾಲೆ ಹಾಕಾಕ ಬರಂಗಿಲ್ಲ” ಅಂತ ನಕ್ಕು, ಮರುದಿನವೇ ಜಾಯಿನ್‌ಗಳನ್ನು ಓದೋಕೆ ಕೂತಳು. ಅಪ್ಪ ಪ್ಲಾನನ್ನು ಮತ್ತೆ 40ಕ್ಕೆ ಇಳಿಸಿದರು, ಯಾರಿಗೂ ಗೊತ್ತೂ ಆಗಲಿಲ್ಲ.

ಆ ರಾತ್ರಿ ಅಕ್ಕ ಒಳಗೆ ಮಾತಾಡ್ತಿದ್ದಾಗಲೇ ಅಡುಗೆಮನೆಯಿಂದ ಅವ್ವನ ದನಿ ಕೇಳಿಸಿತ್ತು. ಏಳಕ್ಕೆ ಮಾಡೋ ಕಾಲ್ ಅವತ್ತು ತಡವಾಗಿತ್ತು. ಉಪ್ಪಿನ ಡಬ್ಬಿಗೆ ಆನಿಸಿದ ಫೋನಿನಲ್ಲಿ ಅಜ್ಜಿ ಕೇಳ್ತಿದ್ದಳು, “ಇವತ್ತ ಏನ್ ಪಲ್ಯ ಮಾಡೀ?” ಅವ್ವ ಬುಟ್ಟಿ ಎತ್ತಿ ಪರದೆಗೆ ಹಿಡಿದಳು. “ಬದನೀಕಾಯಿ,” ಅಂದಳು ಅಜ್ಜಿ, ಇವಳು ಹೇಳೋಕೆ ಮುಂಚೆಯೇ.