ಹೊಗೆಗೆ ದಾರಿ ಬಿಡೋದು

ಸೈಲೆನ್ಸರ್ ಕಿತ್ತಾಕಿ ಬೀದಿಯನ್ನೆಲ್ಲ ಎಬ್ಬಿಸಿಕೊಂಡು ಹೋಗೋ ಗಾಡಿ ಕಂಡ್ರೆ ನಾನೂ ಬೈತೀನಿ. ಆದರೆ ಎಕ್ಸಾಸ್ಟ್ ಮಾಡಿಫೈ ಮಾಡೋದು ಅಂದ್ರೆ ಬರೀ ಸದ್ದಲ್ಲ ಗೆಳೆಯರೇ. ನಮ್ಮಕ್ಕನ ಮಗ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ವೆಲ್ಡರ್. ಐಟಿಐ ಓದಿದವನು. ಅವನು ಹಳೇ ಹೋಂಡಾ ಸಿಟಿ ವಿಟೆಕ್‌ ಕಾರಿಗೆ ಹೆಡರ್ ಕಟ್ಟಿದ್ದನ್ನು ಎರಡು ಭಾನುವಾರ ಕೂತು ನೋಡಿದೆ.

ನಾಲ್ಕು ಸಿಲಿಂಡರಿನಿಂದ ಸುಟ್ಟ ಗಾಳಿ ಒಂದೇ ಸಮ ಹರಿಯಲ್ಲ, ಒಂದಾದ ಮೇಲೊಂದು ಗುದ್ದಿಕೊಂಡು ಬರುತ್ತೆ. ಇಕ್ಕಟ್ಟಿನ ಮ್ಯಾನಿಫೋಲ್ಡ್‌ನಲ್ಲಿ ಒಂದಕ್ಕೊಂದು ಅಡ್ಡ ಬರುತ್ತವೆ. ಹೆಡರ್‌ನಲ್ಲಿ ಪ್ರತಿ ಸಿಲಿಂಡರಿಗೂ ಬೇರೆ ಪೈಪು, ಉದ್ದ ಹೆಚ್ಚೂಕಮ್ಮಿ ಸಮ. ನಾಲ್ಕು ಎರಡಾಗಿ, ಎರಡು ಒಂದಾಗುತ್ತೆ. ಮುಂದೆ ಹೋದ ಗುದ್ದು ಹಿಂದಿನದನ್ನ ಎಳ್ಕೊಂಡು ಹೋಗುತ್ತೆ. ಸಿಲಿಂಡರ್ ಖಾಲಿಯಾದಷ್ಟೂ ಹೊಸ ಗಾಳಿಗೆ ಜಾಗ.

"ಹಂಗಾದ್ರೆ ದೊಡ್ಡ ಪೈಪೇ ಹಾಕ್ಬಿಡಪ್ಪ" ಅಂದೆ.

"ಇಲ್ಲ ಮಾಮ, ಅಗಲ ಜಾಸ್ತಿ ಆದ್ರೆ ಗಾಳಿ ವೇಗ ಸಾಯುತ್ತೆ, ಕಡಿಮೆ ಆರ್‌ಪಿಎಂನಲ್ಲಿ ಎಳೆತ ಇರಲ್ಲ. ಟರ್ಬೋ ಗಾಡಿ ಕತೆ ಬೇರೆ."

ಬೆಂಡ್‌ನಲ್ಲಿ ಪೈಪು ಚಪ್ಪಟೆಯಾಗಬಾರದು. ಸ್ಟೇನ್‌ಲೆಸ್ ಸ್ಟೀಲ್ ಬೆಸೆಯುವಾಗ ಪೈಪಿನೊಳಗೂ ಆರ್ಗಾನ್ ಬಿಡ್ತಾನೆ, ಇಲ್ಲದಿದ್ರೆ ಒಳಗಡೆ ಸಕ್ಕರೆ ಹರಳಿನಂಗೆ ಒರಟಾಗಿ ಗಾಳಿಗೆ ತಡೆ. ಇಷ್ಟೆಲ್ಲ ತಿಳುವಳಿಕೆಗೆ ಬಿಲ್ಲಿನಲ್ಲಿ ಇರೋ ಹೆಸರು 'ಲೇಬರ್'.

ಕಾರಿನ ಯಜಮಾನ ಇಂಜಿನಿಯರು. ಕ್ಯಾಟಲಿಟಿಕ್ ಕನ್ವರ್ಟರ್ ಕತ್ತರಿಸಿ ನೇರ ಪೈಪ್ ಹಾಕು ಅಂದ. ಅದು ಗಾಳಿಯನ್ನ ಸ್ವಲ್ಪ ತಡೆಯೋದು ನಿಜ. ಜೇನುಗೂಡಿನಂಥ ಸಣ್ಣ ಸಣ್ಣ ತೂತು, ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಕಾರ್ಬನ್ ಮಾನಾಕ್ಸೈಡ್‌ನ ವಿಷ ಕಮ್ಮಿ ಮಾಡೋದೇ ಅದು. ಹೊಗೆ, ಸದ್ದು ಮಿತಿ ಮೀರಿದ್ರೆ ಮೋಟಾರು ವಾಹನ ಕಾಯ್ದೆ 190(2)ರಲ್ಲಿ 10,000 ರೂಪಾಯಿವರೆಗೆ ದಂಡ ಇದೆ. ಹುಡುಗ ಕಾಯ್ದೆ ಹೇಳಲಿಲ್ಲ.

"ಟ್ಯೂನ್ ಮಾಡೋವಾಗ ಗಾಡಿ ಹಿಂದೆ ಕೂರೋನು ನಾನು ಸರ್, ಕತ್ತರಿಸಲ್ಲ" ಅಂದ.

ಗ್ಯಾರೇಜ್ ಓನರ್ ಮುಖ ಗಂಟಿಕ್ಕಿದ. ಗಿರಾಕಿ ಹೋದ್ರೆ ಇವನ ಕೂಲಿಯೂ ಹೋದಂಗೆ. ಕೊನೆಗೆ ಚದರ ಇಂಚಿಗೆ 400ರ ಬದಲು 200 ತೂತಿರೋ ಹೈ ಫ್ಲೋ ಕನ್ವರ್ಟರ್‌ಗೆ ಒಪ್ಪಂದ ಆಯ್ತು. ದುಡ್ಡು ಜಾಸ್ತಿ, ಹೊಗೆ ಶುದ್ಧಿಯೂ ಕೊಂಚ ಕಮ್ಮಿನೇ. ಆದರೂ ನೇರ ಪೈಪಿಗಿಂತ ವಾಸಿ.

ಇಷ್ಟಾಗಿ, ಕಾರಿನ ಹೊಗೆಗೆ ಇಷ್ಟು ನಾಜೂಕಾಗಿ ದಾರಿ ಮಾಡೋ ಆ ತಗಡಿನ ಶೆಡ್ಡಿಗೆ ಒಂದು ಎಕ್ಸಾಸ್ಟ್ ಫ್ಯಾನ್ ಇಲ್ಲ! ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಓನರ್‌ಗೆ ಅರ್ಜಿ ಬರ್ಕೊಟ್ಟಿದ್ದೀನಿ, ನಮ್ಮ ಆಫೀಸಿನ 'ಮಾನ್ಯರೇ' ಶೈಲಿಯಲ್ಲೇ. ಇವನು ಸಹಿ ಹಾಕಿದ್ದಾನೆ. ಮಿಕ್ಕ ಮೂವರು ಹುಡುಗರು ಇನ್ನೂ ಹಿಂದೆಮುಂದೆ ನೋಡ್ತಿದ್ದಾರೆ. ಬರೋ ಭಾನುವಾರ ಮತ್ತೆ ಹೋಗ್ತೀನಿ.