ಇರುವೆಗಳಿಗೊಂದು ಬೊಗಸೆ ಮಣ್ಣು

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ನಮ್ಮ ಶಾಲೆಯ ಐದನೆಯ ತರಗತಿಯ ಮಕ್ಕಳು ಇರುವೆ ಸಾಕಬೇಕೆಂದು ಹಟ ಹಿಡಿದರು. ಅಗಲ ಬಾಯಿಯ ಗಾಜಿನ ಭರಣಿಯೊಳಗೆ ಸಣ್ಣ ಸೀಸೆಯೊಂದನ್ನು ಕವುಚಿಟ್ಟು, ನಡುವಣ ತೆರಪಿಗೆ ಮಣ್ಣು ತುಂಬಿ, ಹೊರಗೆ ಕಪ್ಪು ಕಾಗದ ಸುತ್ತಿದರೆ ಇರುವೆಗಳು ಗಾಜಿನ ಬದಿಯಲ್ಲೇ ಸುರಂಗ ತೋಡುವುವೆಂದು ನಾವು ಶಿಕ್ಷಕ ತರಬೇತಿಯಲ್ಲಿ ಕಲಿತಿದ್ದೆವು. ಯಾವ ಮಣ್ಣೆಂಬುದನ್ನು ಮಾತ್ರ ಕಲಿತಿರಲಿಲ್ಲ.

ನೆರೆಯ ಅಡಕೆ ತೋಟದ, ಸೊಪ್ಪು ಕೊಳೆತ ಕಪ್ಪು ಮಣ್ಣು ನಮ್ಮ ಕಣ್ಣಿಗೆ ಸೊಗಸಾಗಿ ತೋರಿತು, ಅದನ್ನೇ ತುಂಬಿದೆವು. ಮೂರನೆಯ ದಿನ ಬೆಳಗ್ಗೆ ಕಟ್ಟಿರುವೆಗಳೆಲ್ಲ ಸತ್ತು ಬಿದ್ದಿದ್ದವು. ಅಲ್ಲಿ ಗೆದ್ದಲಿಗೆಂದು ಮದ್ದಿನ ಹುಡಿ ಹಾಕಿದ್ದರೆಂಬುದು ಆಮೇಲೆ ತಿಳಿಯಿತು.

“ಮಾಷ್ಟ್ರೇ, ಇವನ್ನು ನಾವು ಕೊಂದದ್ದಾ?” ಎಂದು ಒಬ್ಬಳು ಹುಡುಗಿ ಕೇಳಿದಳು.

“ನೀವಲ್ಲ ಮಗಾ. ವಿಚಾರಿಸದೆ ಮಣ್ಣು ತಂದದ್ದು ನಮ್ಮ ತಪ್ಪು” ಎಂದೆವು.

2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಸರಗೋಡಿನವರು ನಾವು. ಕಣ್ಣಿಗೆ ಕಾಣದ ವಿಷವನ್ನು ನಾವೇ ಮರೆತದ್ದು ಹೇಗೆಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಎರಡನೆಯ ಸಲ, ಮದ್ದಾಗಲಿ ರಸಗೊಬ್ಬರವಾಗಲಿ ಸೋಕದ ಗುಡ್ಡಕ್ಕೆ ಹೋದೆವು. ಇರುವೆಗಳೇ ಗೂಡಿನ ಬಾಯಲ್ಲಿ ಹೊರಹಾಕಿದ್ದ ಮಣ್ಣನ್ನೂ ಅದರ ಸುತ್ತಣ ಮಣ್ಣನ್ನೂ ತಂದು ಜರಡಿ ಹಿಡಿದೆವು. ಮುಷ್ಟಿಯಲ್ಲಿ ಒತ್ತಿದರೆ ಉಂಡೆಗಟ್ಟಬೇಕು, ನೀರು ಒಸರಬಾರದು. ಅಷ್ಟೇ ತೇವ ಮಾಡಿ, ಅದೇ ಗೂಡಿನ ಕೆಲವು ಇರುವೆಗಳನ್ನು ಬಿಟ್ಟೆವು. ವಾರದೊಳಗೆ ಗಾಜಿನ ಮೇಲೆ ಸುರಂಗಗಳು ಮೂಡಿದವು.

ತಿಂಗಳ ಬಳಿಕ ಆ ಹುಡುಗಿಯೇ ಭರಣಿಯನ್ನು ಹೊತ್ತು, ಇರುವೆಗಳನ್ನು ಅವುಗಳ ಗೂಡಿಗೆ ಮರಳಿಸಿದಳು. ಶಾಲೆಯ ತರಕಾರಿ ಪಾತಿಗೂ ಈಗ ನಾವು ವಿಚಾರಿಸಿಯೇ ಮಣ್ಣು ತರಿಸುತ್ತೇವೆ.